ಬವೇರಿಯಾದ ಗೋಧಿ ಯೀಸ್ಟಿಗೆ, ರಾಸ್ಪ್‌ಬೆರಿಯ ಪರವಾಗಿ

ಮಾನ್ಯ ಬವೇರಿಯನ್ ಗೋಧಿ ಯೀಸ್ಟ್ ಅವರೇ,

ಪೋಲೆಂಡಿನ ಪೊಜ್ನಾನಿನ ನಮ್ಮ ಪುಟ್ಟ ಅಡುಗೆಮನೆಯಿಂದ, ತಾವು ಉಬ್ಬಿ ಮುಚ್ಚಳ ಹಾರಿಸಿದ ಅದೇ ಬಕೆಟ್ಟಿನ ಪಕ್ಕದಿಂದ, ತಮಗೂ ತಮ್ಮ ಕೋಟಿ ಕೋಟಿ ಮಕ್ಕಳುಮರಿಗಳಿಗೂ ನಮಸ್ಕಾರಗಳು.

ತಮ್ಮನ್ನು ಆರಿಸಿದ್ದು ನಾನೇ, ಅದೂ ಮನೆಯಲ್ಲೇ ಬಿಯರ್ ಮಾಡುವವರ ನಮ್ಮ ಆನ್‌ಲೈನ್ ಗುಂಪಿನ ಸಕಲರ ಮಾತು ಮೀರಿ. ಗುಂಪಿನ ಹಿರಿಯ, ‘ಹಳೇ ಬಾನಿ’ ಎಂಬ ಹೆಸರಿನಲ್ಲಿ ಬರೆಯುವ ಮಹಾಶಯರು, "ಹಣ್ಣು ಹಾಕ್ತೀಯಾ ಅಂದ್ರೆ ಬಾಯಿ ಮುಚ್ಕೊಂಡು ಕೆಲ್ಸ ಮಾಡೋ ಯೀಸ್ಟ್ ಹಾಕು ಮಾರಾಯ, ಇದು ಭಾರೀ ವಾಚಾಳಿ" ಎಂದು ಬರೆದಿದ್ದರು. ಗೋಧಿ ಬಿಯರಿಗೆ ಗೋಧಿ ಯೀಸ್ಟಲ್ಲದೆ ಇನ್ನೇನು ಎಂದು ವಾದಿಸಿ, ಅವರಿಗೆ ನಗುಮುಖದ ಚಿತ್ರವೊಂದನ್ನೂ ಕಳಿಸಿ, ತಮ್ಮನ್ನು ಬರಮಾಡಿಕೊಂಡೆ.

ರಾಸ್ಪ್‌ಬೆರಿ ರೆಗೀನಾ ಅತ್ತೆಯ ತೋಟದ್ದು. ಪ್ರತಿ ವರ್ಷ ಅದಷ್ಟೂ ನೆಗಡಿಗೆ ಮದ್ದಾಗುವ ಗಟ್ಟಿ ಪಾನಕವಾಗಿ ಶೀಶೆ ಸೇರುತ್ತದೆ. ಈ ಸಲ ಕಾಡಿ ಬೇಡಿ ಒಂದು ಬುಟ್ಟಿ ಪಡೆದಿದ್ದೆ. ಅತ್ತೆಯ ನಾಮದಿನಕ್ಕೆ, ಅಂದರೆ ಅವಳ ಹೆಸರಿನ ಸಂತಳ ಹಬ್ಬಕ್ಕೆ, ಬಿಯರ್ ತರಬೇಕು, ಅದರಲ್ಲಿ ಹಣ್ಣಿನ ರುಚಿ ಕಂಡರೆ ಮುಂದಿನ ವರ್ಷ ಅರ್ಧ ತೋಟ ನನ್ನದು, ಕಾಣದಿದ್ದರೆ ಒಂದು ಹಣ್ಣೂ ಇಲ್ಲ ಎಂದು ಒಪ್ಪಂದವಾಗಿತ್ತು.

ತಮ್ಮ ಉಪಚಾರದಲ್ಲಿ ಏನಾದರೂ ಕೊರತೆಯಾಯಿತೇ? ನೆಗಡಿಯಾದ ಮಗುವನ್ನು ನಮ್ಮಲ್ಲಿ ಹೇಗೆ ಬೆಚ್ಚಗಿಡುತ್ತಾರೋ ಹಾಗೆ, ಅಜ್ಜಿಯ ಗರಿತುಂಬಿದ ದಪ್ಪ ರಜಾಯಿಯನ್ನು ತಮ್ಮ ಬಕೆಟ್ಟಿಗೆ ಸುತ್ತಿ, ನಾನು ತೆಳು ಚಾದರದಲ್ಲಿ ನಡುಗುತ್ತ ಮಲಗಿದೆ. ಸೆಕೆ ಹತ್ತಿದಷ್ಟೂ ತಮಗೆ ಬಾಳೆಹಣ್ಣಿನ ವಾಸನೆ ಉಕ್ಕುತ್ತದೆ ಎಂಬ ಸತ್ಯವನ್ನು ತಾವು ಒಂದು ಗುಳುಗುಳು ಸದ್ದಿನಲ್ಲಾದರೂ ತಿಳಿಸಬಹುದಿತ್ತು. ಮದುವೆಗೆ ಬಂದ ನೆಂಟ ಮದುಮಗನ ಪೇಟ ಸುತ್ತಿಕೊಂಡು ಹಸೆಮಣೆ ಏರಿದಂತೆ, ತಾವು ಬಾಳೆ, ಲವಂಗ ಸಮೇತ ವಿಜೃಂಭಿಸಿದಿರಿ. ಏನು ಪ್ರತಿಭೆ ತಮ್ಮದು! ಒಂದು ಬುಟ್ಟಿ ಹಣ್ಣನ್ನು ಮೂಗಿಗೂ ನಾಲಿಗೆಗೂ ಸಿಗದಂತೆ ಅಡಗಿಸುವುದು ಜಾದೂಗಾರರಿಗೂ ಕಷ್ಟ.

ನಾಮದಿನದಂದು ನೆಂಟರೆಲ್ಲ ನೋಡುತ್ತಿದ್ದಂತೆ ಅತ್ತೆ ಒಂದು ಗುಟುಕು ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ಕೇಳಿದಳು: "ನನ್ ತೋಟದಲ್ಲಿ ಬಾಳೆ ಯಾವಾಗ ನೆಟ್ಯೋ, ಕಾಯೆತಾನ್?"

ಆಮೇಲೆ ಬೀರುವಿನಿಂದ ತನ್ನ ನೆಗಡಿ ಪಾನಕ ತೆಗೆದು ಎಲ್ಲರ ಗ್ಲಾಸಿಗೂ ಒಂದೊಂದು ಚಮಚ ಸುರಿದಳು. ಬಿಯರಿಗೆ ಪಾನಕ ಬೆರೆಸುವುದು ನಮ್ಮವರ ಹಳೆಯ ಚಾಳಿ. ನೆಂಟರು ಗ್ಲಾಸು ನೆಕ್ಕಿ ಇನ್ನಷ್ಟು ಕೇಳಿದರು. ತೀರ್ಪು ಹೊರಬಿತ್ತು: "ಹಣ್ಣು ನನ್ ಹತ್ರಾನೇ ಇರ್ಲಿ. ಆ ಬಾಳೆನೀರು ಮಾತ್ರ ವರ್ಷಾ ವರ್ಷಾ ತಗೊಂಬಾ."

ಆದ್ದರಿಂದ ತಮ್ಮಲ್ಲಿ ಸಣ್ಣ ಕೋರಿಕೆ. ತಾವು ಖುದ್ದಾಗಿ ಅತ್ತೆಯ ಮನೆಗೆ ಹೋಗಿ, ಬುಟ್ಟಿಯ ಹಣ್ಣೆಲ್ಲ ನಿಜಕ್ಕೂ ಬಕೆಟ್ಟಿಗೇ ಬಿದ್ದಿತ್ತು, ಹುಡುಗ ದಾರಿಯಲ್ಲಿ ತಿನ್ನಲಿಲ್ಲ ಎಂದು ಸಾಕ್ಷಿ ಹೇಳಬೇಕು. ಸಾಧ್ಯವಾದರೆ ಬಾಳೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ರಜಾಯಿಯಿಂದ ಇನ್ನೂ ಬಾಳೆಯ ವಾಸನೆ ಬಿಡಿಸಲಾಗದ
ತಮ್ಮ ವಿಶ್ವಾಸಿ,
ಕಾಯೆತಾನ್

ತಾ.ಕ.: ತೋಟದ ಗುಡಿಸಲ ಹಿಂದೆ ನೆರಳಲ್ಲಿರುವ ಒಂದೇ ಒಂದು ಪೊದೆಯನ್ನು ಅತ್ತೆ ನನಗೆ ಬಿಟ್ಟುಕೊಟ್ಟಿದ್ದಾಳೆ. ಅದರ ಹಣ್ಣಿಗೆ ತಮ್ಮ ಬಾಯಿಸತ್ತ ಸೋದರಸಂಬಂಧಿ ಯೀಸ್ಟನ್ನು ಕರೆಸಿದ್ದೇನೆ. ಅವರು ತಣ್ಣನೆ ನೆಲದ ಮೇಲೆ ಮಲಗುತ್ತಾರೆ. ರಜಾಯಿ ಈ ಸಲ ನನಗೆ.