ವಾಡಿಯಲ್ಲೊಬ್ಬ ನಾವಿಕ

ತಲೆಯ ಮೇಲೆ ಕೂದಲಿಲ್ಲದವನಿಗೆ ಟೊಪ್ಪಿಗೆಗಳ ಇತಿಹಾಸದ ಹುಚ್ಚು ಹತ್ತಿದರೆ ಯಾರೂ ಆಶ್ಚರ್ಯಪಡಬಾರದು. ಸಮುದ್ರದ ಸುದ್ದಿಯೇ ಇಲ್ಲದ ನಾಗಪುರದಲ್ಲಿ ಕೂತು, ಫುಟ್‌ಪಾತಿನಲ್ಲಿ ಕೊಂಡ ರಟ್ಟು ಹರಿದ ಪುಸ್ತಕದಿಂದ ನಾನು ಕಲಿತದ್ದಿಷ್ಟು: ಹಿಂದಿನ ಕಾಲದ ಎಷ್ಟೋ ನಾವಿಕರಿಗೆ ಎರಡೂ ಕಾಲಕ್ಕೆ ಟೊಪ್ಪಿಗೆ ಒಂದೇ. ಚಳಿಗಾಲಕ್ಕೆ ಕಡುನೀಲಿ ಉಣ್ಣೆಯದು. ಬೇಸಿಗೆಗೆ ಅದರ ಮೇಲೆಯೇ ಬಿಳಿ ಗವಸು. ಅದೂ ಮೇಲಿನಿಂದ ಹುಕುಂ ಬಂದಮೇಲೆ. ನೆತ್ತಿ ಸುಟ್ಟಿತೆಂದು ತಾವಾಗಿ ಬದಲಿಸುವಂತಿಲ್ಲ.

ಕೆಲಸ ಮಾಡುವ ಬ್ಯಾಂಕಿನಲ್ಲಿ ಹುಕುಂ ಹೊರಡಿಸುವ ಯೋಗ ನನಗಿರಲಿಲ್ಲ, ಮನೆಯಲ್ಲಿ ಹೊರಡಿಸಿದೆ. "ಸುಮಿತ್ರಾ, ನನ್ನ ಮಂಕಿ ಕ್ಯಾಪಿಗೆ ಬಿಳಿ ಗವಸು ಹೊಲಿ." ಧಾರವಾಡದ ನನ್ನ ಹೆಂಡತಿ ಹೌಹಾರಿದಳು. "ಮೇ ತಿಂಗಳಾಗ ಉಣ್ಣಿ ಟೊಪ್ಪಿಗಿ? ಶಾಣ್ಯಾ ಅದೀರಿ ನೋಡ್ರಿ!" ಅವಳ ದಿಗಿಲು ಸುಳ್ಳಲ್ಲ. ಹಿಂದಿನ ಬೇಸಿಗೆಯಲ್ಲಿ ನಾಗಪುರದಂಚಿನ ವಾಡಿಯ ಗೋದಾಮುಗಳಲ್ಲಿ ಬ್ಯಾಂಕಿಗೆ ಅಡವಿಟ್ಟ ಮಾಲು ನೋಡಲು ಹೋದವನು ಲೂ ಎಂಬ ಬಿಸಿಗಾಳಿ ಬಡಿದು ಬಿದ್ದಿದ್ದೆ. ಸಲೈನ್ ಏರಿಸಿದ ಡಾಕ್ಟರರು, ಇನ್ನೊಮ್ಮೆ ಹೀಗಾದರೆ ಜೀವದ ಭರವಸೆ ಕೊಡಲಾರೆ ಎಂದಿದ್ದರು. ಸೆರಗು ಬಾಯಿಗಿಟ್ಟುಕೊಂಡು ಅದನ್ನು ಕೇಳಿದವಳು ಅವಳೇ.

ಆದರೂ ಮರುದಿನ ಬೆಳಿಗ್ಗೆ ಬೆಳ್ಳನೆಯ ದುಂಡು ಟೊಪ್ಪಿಗೆ ಕೈಗಿಟ್ಟಳು. "ಒಗದೀನ್ರಿ, ಇನ್ನೂ ಹಸೀ ಐತಿ. ಹಂಗೇ ಹಾಕ್ಕೋರಿ."

ಸ್ಕೂಟರಿನಲ್ಲಿ ಹೊರಟೆ. ಏನು ತಂಪು, ಏನು ತಂಪು! ವಾಡಿಯಲ್ಲಿ ಲಾರಿಯವರೆಲ್ಲ ತಲೆಗೆ ಪಂಚೆ ಸುತ್ತಿ ಒದ್ದಾಡುತ್ತಿದ್ದರೆ, ನಾನು ಗೋದಾಮಿನ ಬಾಗಿಲಲ್ಲಿ ನಿಂತು ನೌಕಾಪಡೆಯ ಟೊಪ್ಪಿಗೆಗಳ ಬಗ್ಗೆ ನನ್ನ ಹರಕು ಹಿಂದಿಯಲ್ಲಿ ಭಾಷಣ ಬಿಗಿದೆ. "ಬರೋಬರ್ ಸಾಹೇಬ್," ಎಂದು ಒಬ್ಬ ಡ್ರೈವರ್ ಸಲಾಮು ಹೊಡೆದ. ನಾನೂ ಹೊಡೆದೆ.

ಸಂಜೆ ಎದೆಯುಬ್ಬಿಸಿ ಮನೆಗೆ ಬಂದೆ. "ನೋಡಿದ್ಯಾ, ಆ ಹಳೇ ಅಡ್ಮಿರಲ್‌ಗಳ ಬುದ್ಧಿ!" ಸುಮಿತ್ರಾ ನನ್ನ ಹಣೆ, ಕುತ್ತಿಗೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಯಾದಮೇಲೆ ಟೊಪ್ಪಿಗೆಯ ಹೊಲಿಗೆ ಬಿಚ್ಚಿದಳು. ಒಳಗೆ ಉಣ್ಣೆಯ ಎಳೆಯೂ ಇರಲಿಲ್ಲ. ನಮ್ಮ ಕೂಲರಿನ ತಟ್ಟಿಯಿಂದ ಕಿತ್ತ ಲಾವಂಚದ ಬೇರು, ನೆನೆಸಿ, ತೆಳುವಾಗಿ ಹರಡಿ, ಎರಡು ಬಟ್ಟೆಯ ನಡುವೆ ಹೊಲಿದಿದ್ದಳು. ಬೇಸಿಗೆಯಲ್ಲಿ ಇಡೀ ನಾಗಪುರವೇ ಲಾವಂಚದಿಂದ ಘಮಘಮಿಸುತ್ತದೆ, ನನ್ನ ಮೂಗಿಗೆ ಅನುಮಾನ ಬರುವುದಾದರೂ ಹೇಗೆ?

"ಮಂಕಿ ಕ್ಯಾಪು ಟ್ರಂಕಿನ್ಯಾಗ ಐತ್ರಿ. ಅದನ್ನ ಹಾಕ್ಕೊಂಡು ಹೋಗಿದ್ರ ವಾಡಿ ಮುಟ್ಟೂದ್ರಾಗ ಬೆಂದು ಹೋಗ್ತಿದ್ರಿ. ಬ್ಯಾಡ ಅಂದ್ರ ಕೇಳೋ ಪೈಕಿ ಏನು ನೀವು?"

ನನ್ನ ಜಂಬಕ್ಕೂ ಪೆಟ್ಟಾಗದಂತೆ, ಜೀವವನ್ನೂ ಉಳಿಸಿ ಕಳಿಸಿದ್ದಳಲ್ಲ, ಪುಣ್ಯಾತ್ಗಿತ್ತಿ! ಅಂದಿನಿಂದ ನಮ್ಮ ಮನೆಯಲ್ಲಿ ಟೊಪ್ಪಿಗೆಯ ಹುಕುಂ ಅವಳದೇ. ನನ್ನ ತಲೆಯ ಹೊರಗಿನದನ್ನು ತಾನು ನೋಡಿಕೊಳ್ಳುವುದಾಗಿ ಒಪ್ಪಿದ್ದಾಳೆ. ಒಳಗಿನದು ಮಾತ್ರ ತನ್ನ ಕೈಲಾಗದ ಕೆಲಸ ಎಂದು ಕೈಮುಗಿದಿದ್ದಾಳೆ.