ಅಜ್ಜನ ಪಿಕಪ್ಪಿಗೆ ಮೂಟೆ ಗುರುತು

ಅನುಮಾನ ನಮ್ಮ ಮನೆತನದ ಆಸ್ತಿ. ಕಾಫಿ ಮೂಟೆ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೊರಟರೆ, ಬೇರೆಯವರದರ ಜೊತೆ ಅದಲುಬದಲಾದೀತೆಂದು ಪ್ರತಿಯೊಂದರ ಮೇಲೂ ನಮ್ಮ ಎಸ್ಟೇಟಿನ ಗುರುತು ಬೀಳಬೇಕು: ಒಂದು ಸುತ್ತು, ಒಳಗೊಂದು ಗೀಟು. ಎಲ್ಲ ಬೆಳೆಗಾರರೂ ಇಷ್ಟು ಮಾಡುತ್ತಾರೆ. ನಾನು ಸ್ವಲ್ಪ ಮುಂದೆ ಹೋದೆ. ಅಜ್ಜನ ಹಳೇ ಪಿಕಪ್ಪನ್ನು ರಿಪೇರಿಗೆ ಹಾಕಿದ ಮೇಲಂತೂ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇದೆ.

೧. ಗ್ಯಾರೇಜು

ಚಿಕ್ಕಮಗಳೂರಿನ ಹಳೇ ಗಾಡಿಗಳ ರ‍್ಯಾಲಿಯಲ್ಲಿ ಪೂರ್ತಿ ಅಸಲಿ ಗಾಡಿಗೆ ಮೊದಲ ಬಹುಮಾನ. ಗೆದ್ದವರ ಗಾಡಿಯನ್ನು ಮೊದಲು ಕೊಂಡವರ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ. ಆ ಮೈಕಿನಲ್ಲಿ ಅಜ್ಜನ ಹೆಸರು ಕೇಳಬೇಕೆಂದು ನನಗೆ ಬಹಳ ಆಸೆ. ಮೂಡಿಗೆರೆಯ ಮೆಕ್ಯಾನಿಕ್ ಒಳ್ಳೆಯವನೇ. ಆದರೂ ಅಸಲಿ ಭಾಗಗಳನ್ನು ಎತ್ತಿಟ್ಟು ಬೇರೆ ಜೋಡಿಸಿದರೆ? ಗ್ಯಾರೇಜಿನಲ್ಲೇ ಕೂತು, ಪ್ರತಿ ಭಾಗದ ಒಳಬದಿಗೂ ಮೊಳೆಯಲ್ಲಿ ಮೂಟೆಯ ಗುರುತು ಕೆರೆದೆ. ಹಿತ್ತಾಳೆ ಹಾರ್ನನ್ನು ಮಾತ್ರ ಅವನ ಕಣ್ಣಿಗೇ ಬೀಳದಂತೆ ಮೊದಲೇ ಬಿಚ್ಚಿ, ಎಲ್ಲಾದರೂ ಅಡಗಿಸಿಡೆಂದು ಹೆಂಡತಿಗೆ ಕೊಟ್ಟಿದ್ದೆ.

ಮೆಕ್ಯಾನಿಕ್ ಎರಡು ದಿನ ಸುಮ್ಮನೆ ನೋಡಿದ. ಮೂರನೇ ದಿನ ಕೇಳಿದ: "ಸಾರ್, ಟಯರೊಳಗಿನ ಗಾಳಿ ಹಾಗೇ ಬಿಟ್ರಲ್ಲ?"

೨. ಸಾಕ್ಷಿ

ಗಾಡಿ ಮನೆಗೆ ಬಂತು. ಗುರುತುಗಳೆಲ್ಲ ಇದ್ದವು, ಅನುಮಾನವೂ ಇತ್ತು. ಅಜ್ಜನ ಕಾಲದಲ್ಲಿ ಅದರ ಹಿಂಬದಿಯಲ್ಲಿ ನಿಂತು ಓಡಾಡಿದ್ದ ತೋಟದ ಮುದಿ ಮೇಸ್ತ್ರಿಯನ್ನು ಕರೆಸಿದೆ. ಅವರು ಸುತ್ತು ಹಾಕಿದರು, ಬಾಗಿಲು ತಟ್ಟಿದರು, ಮೂಸಿದರು. ಎಲ್ಲ ಸರಿಯಿದೆ ಎಂದರು. ನಾನು ಖುಷಿಯಿಂದ ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟಾಯಿತು. ಮೇಸ್ತ್ರಿಯ ಮುಖ ಬಾಡಿತು.

"ಇದು ಆ ಗಾಡಿ ಅಲ್ಲ ಅಯ್ಯ," ಎಂದರು. "ಅದು ಒಂದಿನಾನೂ ತಳ್ಳದೆ ಹೊರಟಿದ್ದಿಲ್ಲ."

೩. ಆಲ್ದೂರು

ರ‍್ಯಾಲಿಯ ದಿನ ಹೆಂಡತಿ, ಮೆಕ್ಯಾನಿಕ್ ಮತ್ತು ನಾನು ಹೊರಟೆವು. ಆಲ್ದೂರಿನಲ್ಲಿ ಕಾಫಿಗೆ ಇಳಿದರೂ ನಾನು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಕುಡಿದೆ. ಒಬ್ಬ ಗಾಡಿಯನ್ನು ಮೂರು ಸುತ್ತು ಬಂದ. ಹಿಂದೆ ಬಗ್ಗಿ ನೋಡಿದ, ನನ್ನನ್ನು ನೋಡಿದ, ಮತ್ತೆ ಬಗ್ಗಿದ. ಏನು ಬೇಕಿತ್ತೆಂದು ಜೋರಾಗಿಯೇ ಕೇಳಿದೆ.

"ನನ್ನ ಸ್ಕೂಟರು," ಎಂದ ಅವನು. "ನಿಮ್ಮ ಗಾಡಿ ಹಿಂದೆ ಸಿಕ್ಕಾಕೊಂಡಿದೆ ಮಾರಾಯ್ರೆ."

೪. ತೀರ್ಪು

ರ‍್ಯಾಲಿಯ ತೀರ್ಪುಗಾರರು ಟಾರ್ಚ್ ಹಿಡಿದು ಗಾಡಿಯಡಿಗೆ ಹೋಗಿ ಬಂದರು. ಅಲ್ಲಲ್ಲಿ ಕಂಡ ಸುತ್ತು, ಗೀಟು ಏನೆಂದು ಕೇಳಿದರು. ನಮ್ಮ ಗುರುತು, ಇದಿದ್ದರೆ ಅಸಲಿ ಎಂದು ವಿವರಿಸಿದೆ. ಅವರು ತಲೆದೂಗಿ ಬರೆಯತೊಡಗಿದರು. ಆಗ ನನ್ನ ಕಣ್ಣು ಹಾರ್ನಿನ ಮೇಲೆ ಬಿತ್ತು. ಹಿಂದೆ, ಮುಂದೆ ತಡಕಿದೆ. ಗುರುತೇ ಇಲ್ಲ!

"ಇದು ನಮ್ಮದಲ್ಲ. ಬದಲಾಯಿಸಿದ್ದಾರೆ," ಎಂದುಬಿಟ್ಟೆ, ಮೆಕ್ಯಾನಿಕ್ಕನನ್ನೇ ದುರುಗುಟ್ಟಿ ನೋಡುತ್ತಾ.

ತೀರ್ಪುಗಾರರು ಬರೆದದ್ದಕ್ಕೆ ಗೀಟೆಳೆದರು.

ಹೆಂಡತಿ ಹಣೆ ಚಚ್ಚಿಕೊಂಡಳು. "ನೀವೇ ಅಡಗಿಸಿಡು ಅಂದ ಹಾರ್ನ್ ಕಣ್ರೀ. ಬೆಳಿಗ್ಗೆ ಮೆಣಸಿನ ಚೀಲದಿಂದ ತೆಗೆದು ನಾನೇ ಈ ಮೆಕ್ಯಾನಿಕ್ ಕೈಲಿ ಹಾಕಿಸಿದೆ." ಗುರುತು ಕೆರೆಯುವ ಮೊದಲೇ ಅದು ಮನೆ ಸೇರಿತ್ತು. ನನಗದು ಮರೆತೇಹೋಗಿತ್ತು.

ತೀರ್ಪುಗಾರರು ನಂಬಲಿಲ್ಲ. ಈಗ ಕಥೆ ಕಟ್ಟುತ್ತಿದ್ದೀರಿ ಎನ್ನುತ್ತಾ ಹಾರ್ನಿನ ರಬ್ಬರ್ ಉಂಡೆಯನ್ನು ಹಿಂಡಿದರು. ಪೋಂ ಎಂದು ಒಂದು ಹಿಡಿ ಕಾಳುಮೆಣಸು ಅವರ ಬಿಳಿ ಅಂಗಿಗೆ ಹಾರಿತು. ಅವರು ಸೀನುತ್ತಲೇ ನಂಬಿದರು. ಆದರೆ ಮಾಲೀಕರೇ ಒಪ್ಪದ ಹಾರ್ನಿಗೆ ಪೂರ್ತಿ ಅಂಕ ಕೊಡಲಾಗದೆಂದು ಎರಡನೇ ಬಹುಮಾನ ಬರೆದರು. ಪುಣ್ಯಕ್ಕೆ ಎರಡನೆಯವರಿಗೂ ಮೈಕ್ ಇತ್ತು. ಅಜ್ಜನ ಹೆಸರು ಮೈದಾನವೆಲ್ಲ ಕೇಳಿತು, ನನ್ನ ಕಣ್ಣು ತುಂಬಿತು. ಮೆಕ್ಯಾನಿಕ್ಕನ ಕೈ ಹಿಡಿದು ತಪ್ಪಾಯಿತು ಎಂದೆ.

ವಾಪಸ್ ಬರುವಾಗ ಅವನು ಬಹುಮಾನದ ಬೆಳ್ಳಿ ಬಣ್ಣದ ಕಪ್ಪನ್ನು ನೋಡಿ ಕೊಡುತ್ತೇನೆಂದು ಇಸಿದುಕೊಂಡ. ಬೋರಲು ಹಾಕಿ, ಜೇಬಿನಿಂದ ಮೊಳೆ ತೆಗೆದು, ತಳಕ್ಕೆ ಒಂದು ಸುತ್ತು, ಒಳಗೊಂದು ಗೀಟು ಕೆರೆದ.

"ತಗೊಳ್ಳಿ ಸಾರ್," ಎಂದ. "ನಾಳೆ ಬದಲಾಯ್ತು ಅನ್ಬಾರ್ದಲ್ಲ."