ಕೆರಿಯಪ್ಪಜ್ಜನ ಗೋಡೆ ಫೋಟೋ

ಎಲ್ಲಕ್ಕೂ ಕಾರಣ ಒಂದು ತಿಥಿ ಊಟ. ಹೆಗ್ಗರಣೆಯ ಕೆರಿಯಪ್ಪಜ್ಜ ಹಳೆಯ ಗೆಳೆಯನೊಬ್ಬನ ತಿಥಿಗೆ ಹೋಗಿದ್ದ. ಪಾಯಸ ಚೆನ್ನಾಗಿತ್ತು, ಗೋಡೆಯ ಮೇಲಿನ ಫೋಟೋ ಮಾತ್ರ ಘೋರವಾಗಿತ್ತು. ಮನೆಯವರು ಬೇರೆ ಫೋಟೋ ಸಿಗದೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಗಂಧದ ಹಾರ ಹಾಕಿದ್ದರು. ಬದುಕಿದ್ದಷ್ಟು ದಿನ ಯಾರ ಹಿತ್ತಲಿನ ಸೊಪ್ಪನ್ನೂ ಮುಟ್ಟದ ಮನುಷ್ಯ, ಆಗಷ್ಟೇ ಪೊಲೀಸರ ಕೈಗೆ ಸಿಕ್ಕವನ ಹಾಗೆ ಹಾರದೊಳಗಿಂದ ನೋಡುತ್ತಿದ್ದ.

ಮರುದಿನ ಬೆಳಿಗ್ಗೆಯೇ ಅಜ್ಜ ಕಪ್ಪು ಕೋಟು ಹಾಕಿ, ರುಮಾಲು ಸುತ್ತಿ, ಜಗಲಿಯ ಮೇಲೆ ಕೂತುಬಿಟ್ಟ.

"ರಾಘೂ, ನಂದು ಹಂಗಾಗೂದು ಬ್ಯಾಡ. ಇವತ್ತೇ ಫೋಟೋ ತೆಗಿ. ತೆಗ್ಯೂವರೆಗೆ ನಾ ಇಲ್ಲಿಂದ ಏಳೂದಿಲ್ಲ."

ಮೊಮ್ಮಗ ರಾಘು ತಲೆ ಕೆರೆದುಕೊಂಡ. ಅಜ್ಜನ ಫೋಟೋ ತೆಗೆಯುತ್ತೇನೆಂದು ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಕ್ಯಾಮೆರಾ ಇನ್ನೂ ಕೊಂಡಿರಲಿಲ್ಲ. ಮನಸ್ಸಿಲ್ಲ ಎಂದಲ್ಲ. ಕೊಳ್ಳಬೇಕು ಅನ್ನುವಷ್ಟರಲ್ಲಿ ಹೊಸ ಮಾಡೆಲ್ ಬರುತ್ತದೆಂಬ ಸುದ್ದಿ ಬರುತ್ತಿತ್ತು. ಅದು ಬಂದರೆ ಅದರ ಮುಂದಿನದರ ಸುದ್ದಿ. ಅವನು ಕ್ಯಾಮೆರಾ ಹುಡುಕಲು ಶುರುಮಾಡಿದಾಗ ಅಜ್ಜನ ಬಾಯಲ್ಲಿ ಹಲ್ಲಿದ್ದವು.

"ಸದ್ಯ ಮೊಬೈಲಲ್ಲೇ ತೆಗಿತೀನಿ ಅಜ್ಜ."

"ಆ ಫೋನಲ್ಲಿ ನೀ ದಿನಾ ಹಿಂಡಿ ದರ ಕೇಳ್ತೀಯ. ಅದ್ರಲ್ಲಿ ನನ್ನ ಮುಖ ಬ್ಯಾಡ."

"ಹಂಗಾರೆ ಸಿರ್ಸಿ ಸ್ಟುಡಿಯೋಕ್ಕೆ ಹೋಗಾಣ?"

"ಸ್ಟುಡಿಯೋದವ ಉಸ್ರು ಹಿಡಿ ಅಂತಾನೆ. ಈ ವಯಸ್ಸಲ್ಲಿ ಹಿಡಿದ ಉಸ್ರು ತಿರ್ಗಿ ಬರ್ದೇ ಹೋದ್ರೆ ಎಂತ ಮಾಡ್ತೀಯ?"

ರಾಘು ಬಸ್ಸಿಗೆ ಹೊರಟ. "ಬರ್ತಾ ಚೌಕಟ್ಟೂ ತಗಂಡು ಬಾ," ಎಂದು ಅವನ ಅಮ್ಮ ವೆಂಕಮ್ಮ ಒಳಗಿಂದ ಕೂಗಿದಳು. "ಒಂದೇ ಸಲಕ್ಕೆ ಆಗಿ ಹೋಗ್ಲಿ."

ಶಿರಸಿಯ ಕ್ಯಾಮೆರಾ ಅಂಗಡಿಯ ವಿನೋದ ಬನವಾಸಿ ಕಡೆಯವನು, ಸುಳ್ಳು ಹೇಳಲು ಬಾರದ ವ್ಯಾಪಾರಿ. "ಬರ್ರಿ, ಕುಂದರ್ರಿ," ಎಂದು ಕ್ಯಾಮೆರಾವನ್ನು ಹಸುಗೂಸಿನಂತೆ ಎತ್ತಿ ಕೊಟ್ಟ. ರಾಘು ಇನ್ನೇನು ಹೂಂ ಅನ್ನಬೇಕು, ವಿನೋದನೇ ಕೆಡಿಸಿದ.

"ಖರೇ ಹೇಳಬೇಕಂದ್ರ, ದೀಪಾವಳಿಗೆ ಇದರ ಹೊಸಾ ಮಾಡೆಲ್ ಬರತೈತ್ರಿ. ಸುಕ್ಕು ಬಿದ್ದ ಮುಖಾನೂ ಭಾಳ ಚಂದ ಬರತೈತಂತ."

ರಾಘು ಕ್ಯಾಮೆರಾ ಕೆಳಗಿಟ್ಟ. ಅಜ್ಜನ ಮುಖದಲ್ಲಿ ಸುಕ್ಕು ಬಿಟ್ಟರೆ ಬೇರೇನಿದೆ? ಬ್ಯಾಟರಿ ಕೊಳ್ಳಲು ಬಂದಿದ್ದ ಮಾಸ್ತರರೊಬ್ಬರು "ತಡೀರಿ" ಎಂದರು. "ಇವತ್ತೇ ತಗಳ್ಳಿ," ಎಂದರು ಅವರ ಹೆಂಡತಿ. "ಇವರು ತಡೀರಿ ತಡೀರಿ ಅಂದೇ ನಮ್ಮನೆಗೆ ಇನ್ನೂ ಫ್ರಿಜ್ಜು ಬಂದಿಲ್ಲ." ರಾಘು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಕೋಟಿನೊಳಗೆ ಬೇಯುತ್ತ ಕೂತ ಅಜ್ಜ ನೆನಪಾದ. ಕಣ್ಣು ಮುಚ್ಚಿಕೊಂಡು "ಕೊಡಿ" ಎಂದುಬಿಟ್ಟ.

"ಡಬ್ಬಿ ಬಿಚ್ಚಿದ ಮ್ಯಾಲೆ ವಾಪಸ್ ಇಲ್ರಿ," ಎಂದ ವಿನೋದ, ಬಿಚ್ಚುತ್ತಲೇ.

ಪಕ್ಕದ ಚೌಕಟ್ಟಿನ ಅಂಗಡಿಯಲ್ಲಿ ರಾಘು ಅವಸರ ಮಾಡಿದ. "ನಮ್ಮ ಅಜ್ಜಂದು ದೊಡ್ಡ ಫೋಟೋ, ಗೋಡೆಗೆ ಹಾಕೂದು. ಇವತ್ತೇ ಬೇಕು." ಶಿರಸಿಯ ಮಗಳ ಮನೆಗೆ ಬಂದಿದ್ದ ನೆರೆಮನೆಯ ದ್ಯಾಮಪ್ಪ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ನಮ್ಮ ಕಡೆ ಬದುಕಿದ್ದವನಿಗಾಗಿ ಯಾರೂ ಇಷ್ಟು ಗಡಿಬಿಡಿಯಲ್ಲಿ ಚೌಕಟ್ಟು ಕೊಳ್ಳುವುದಿಲ್ಲ. ದ್ಯಾಮಪ್ಪ ರಾಘುವಿನ ಭುಜ ಹಿಡಿದ, ಕಣ್ಣೊರೆಸಿಕೊಂಡ, ಫೋನನ್ನು ಕಿವಿಗಿಟ್ಟು ಹೊರಟುಹೋದ. ಕ್ಯಾಮೆರಾ ಕೊಂಡದ್ದಕ್ಕೆ ಇವನಿಗೇಕೆ ಇಷ್ಟು ಸಂಕಟ ಎಂದು ರಾಘುವಿಗೆ ಆಶ್ಚರ್ಯವಾಯಿತು.

ಬಸ್ಸಿನಲ್ಲಿ ಊರಿನ ಹೆಂಗಸೊಬ್ಬಳು ಫೋನಿಟ್ಟು, ಎದ್ದು ಜಾಗ ಬಿಟ್ಟಳು. "ಕೂತ್ಕ ತಮ್ಮಾ. ಧೈರ್ಯ ತಗಾ."

ಹೊಸ ಮಾಡೆಲಿಗೆ ಕಾಯದೆ ಕೊಂಡ ಸುದ್ದಿ ಆಗಲೇ ಊರು ಮುಟ್ಟಿತೇ ಎಂದು ರಾಘು ತಲೆತಗ್ಗಿಸಿ ಕೂತ.

ಮನೆಯ ಅಂಗಳದ ತುಂಬ ಜನ. ಬಸ್ಸಿಗಿಂತ ಮೊದಲೇ ಟೆಂಪೋದಲ್ಲಿ ಬಂದಿದ್ದ ದ್ಯಾಮಪ್ಪ, ಚಿತೆಗೆಂದು ತಂದ ಒಣ ಕಟ್ಟಿಗೆಯೆಲ್ಲ ಇಳಿಸಿಯಾದ ಮೇಲೆ ಜಗಲಿಯ ಕಡೆ ನೋಡಿ, ನಿಂತಲ್ಲೇ ಕಂಬವಾಗಿದ್ದ. ಅಲ್ಲಿ ಕೋಟು ರುಮಾಲಿನ ಕೆರಿಯಪ್ಪಜ್ಜ ಬಂದವರಿಗೆಲ್ಲ ಎಲೆಯಡಿಕೆ ತಟ್ಟೆ ಸರಿಸುತ್ತ, "ಯಾರು ಹೋದ್ರೋ?" ಎಂದು ವಿಚಾರಿಸುತ್ತಿದ್ದ. ಬಂದವರು ಎಲೆಗೆ ಸುಣ್ಣ ಹಚ್ಚುವುದರಲ್ಲೇ ಮಗ್ನರಾಗಿದ್ದರು.

ರಾಘುವಿನ ಕೈಯ ಚೌಕಟ್ಟು ಕಂಡ ಮೇಲೆ ಅಜ್ಜನಿಗೆ ಎಲ್ಲ ತಿಳಿಯಿತು. ಅಂಗಳದ ಮೇಲೆ ಒಮ್ಮೆ ಕಣ್ಣಾಡಿಸಿ ಮುಖ ಸಿಂಡರಿಸಿದ.

"ನಂಗೆ ಇಷ್ಟೇ ಜನನಾ? ಸಿದ್ದಾಪುರ ಕಡೆಯವ್ರು ಯಾರೂ ಬರ್ಲಿಲ್ಲ?"

"ಬಸ್ಸು ಸಿಕ್ಕಿಲ್ಲ ಕಾಣ್ತದೆ," ಎಂದ ದ್ಯಾಮಪ್ಪ ಸಣ್ಣ ದನಿಯಲ್ಲಿ.

ಹೊಸ ವಸ್ತುವಿಗೆ ಪೂಜೆಯಾಗದೆ ಕೆಲಸವೇ? ವೆಂಕಮ್ಮ ಕ್ಯಾಮೆರಾದ ಹಣೆ ಯಾವುದೆಂದು ಹುಡುಕಿ, ಸರಿಯಾಗಿ ಲೆನ್ಸಿನ ನಡುವೆ ಕುಂಕುಮ ಹಚ್ಚಿದಳು. ರಾಘು ಅಂಗಿಯ ತುದಿಯಿಂದ ಒರೆಸಿ ಕ್ಯಾಮೆರಾ ಎತ್ತಿದರೆ ಊರಿಗೆ ಊರೇ ಕೆಂಪಾಗಿ ಕಂಡಿತು. ಅಳಲು ಬಂದವರು ತಲೆ ಬಾಚಿಕೊಂಡು ಅಜ್ಜನ ಅಕ್ಕಪಕ್ಕ ನಿಲ್ಲಲು ನೂಕಾಡಿದರು. ದ್ಯಾಮಪ್ಪ ಹೇಗಾದರೂ ಉಪಯೋಗಕ್ಕೆ ಬರಬೇಕೆಂದು ಖಾಲಿ ಚೌಕಟ್ಟನ್ನು ಗೋಡೆಗೆ ಹಿಡಿದು, "ಮೊಳೆ ಇಲ್ಲಿ ಹೊಡೀಲಾ?" ಎಂದ.

ಅಜ್ಜ ಕೈಯೆತ್ತಿದ. "ತಡಿ ರಾಘು. ಇದ್ಕಿಂತ ಚಲೋದು ಬರ್ತದೆ ಅಂತ ದಿನಾ ಅಂತಿದ್ಯಲ್ಲ, ಅದು ಯಾವಾಗ?"

"ದೀಪಾವಳಿಗೆ."

ಅಜ್ಜ ಕಟ್ಟಿಗೆ ನೋಡಿದ. ಗೋಡೆಯ ಚೌಕಟ್ಟು ನೋಡಿದ. ಜನರನ್ನು ನೋಡಿದ. ಫೋಟೋ ಒಂದು ಆಗಿಬಿಟ್ಟರೆ ಊರಿನ ಕಡೆಯಿಂದ ಬಾಕಿ ಏನೂ ಇರಲಿಲ್ಲ. ಅವನು ನಿಧಾನವಾಗಿ ರುಮಾಲು ಬಿಚ್ಚತೊಡಗಿದ.

"ಹಂಗಾರೆ ಇದ್ರಲ್ಲಿ ಬ್ಯಾಡ. ಅದ್ರಲ್ಲೇ ತೆಗಿ."

"ಅಜ್ಜಾ! ಡಬ್ಬಿ ಬಿಚ್ಚಿ ಆಗೈತೆ! ಅವ್ರು ವಾಪಸ್ ತಗಳ್ಳೂದಿಲ್ಲ!"

"ಮತ್ತೆ ಈ ಕಟ್ಟಿಗೆ?" ಎಂದ ದ್ಯಾಮಪ್ಪ.

"ಅಲ್ಲೇ ಇರ್ಲಿ, ಬಚ್ಚಲೊಲೆಗೆ ಆಗ್ತದೆ. ವೆಂಕಮ್ಮಾ, ನೀರು ಕಾಸು. ಈ ಕೋಟಲ್ಲಿ ಬೆವ್ತು ಹೋದೆ."

ಅಜ್ಜ ಒಳಗೆ ನಡೆದ. ರಾಘು ಅಳುಮುಖ ಮಾಡಿಕೊಂಡು ಹಿಂದೆಯೇ ಓಡಿದ. "ಅದು ಬಂದ್ಮೇಲೆ ಮತ್ತೊಂದು ಬರ್ತದೆ ಅಜ್ಜ!"

ಬಚ್ಚಲಿನ ಕಡೆಯಿಂದ ಉತ್ತರ ಬಂತು.

"ಬರ್ಲಿ ಮಾರಾಯ. ನಂಗೆಂತ ಗಡಿಬಿಡಿ?"